ರಾಗಿ ತೆನೆ ಹಿಡಿದ ಲಕ್ಷ್ಮಿ

ನಮ್ಮ ಜೆ.ಪಿ. ನಗರದ ದಿನಸಿ ಅಂಗಡಿಯವನು ಈ ಸಲ ಹೊಸ ವರ್ಷಕ್ಕೆಂದು ಒಂದು ಕ್ಯಾಲೆಂಡರನ್ನು ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಸಾಮಾನಿನ ಚೀಲದೊಳಗೆ ತುರುಕಿ ಕಳಿಸಿದ್ದ. ಮನೆಗೆ ಬಂದು ಬಿಡಿಸಿದಾಗ ಮೂಗಿಗೆ ಮೊದಲು ಬಡಿದದ್ದು ವಾಸನೆ. ನುಣುಪು ಕಾಗದದ ಮೇಲೆ ಇನ್ನೂ ಪೂರ್ತಿ ಆರದ ಮಸಿಯ ವಾಸನೆ, ಸ್ವಲ್ಪ ಸೀಮೆಎಣ್ಣೆಯಂಥದು, ಸ್ವಲ್ಪ ಹೊಸ ಪಠ್ಯಪುಸ್ತಕದಂಥದು. ಆಮೇಲೆ ಕಂಡಳು ಲಕ್ಷ್ಮಿ. ಕಂಪ್ಯೂಟರಿನಲ್ಲಿ ಮಾಡಿದ ಮುಖ. ಕೆನ್ನೆಯಲ್ಲಿ ಒಂದು ಗೆರೆಯಿಲ್ಲ, ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಅಂಗೈಯಿಂದ ನಾಣ್ಯಗಳು ಮಾತ್ರ ಧಾರಾಳವಾಗಿ ಸುರಿಯುತ್ತಿದ್ದವು.

ಅದನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಹಾಗೇ ನಿಂತುಬಿಟ್ಟೆ. ಚಿತ್ರದ ಅಕ್ಕ ಈಗ ಇದ್ದಿದ್ದರೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಒಮ್ಮೆ ನೋಡಿ, "ಒಡವೆ ಚೆನ್ನಾಗಿದೆ ಕಣೇ, ಒಳಗೆ ಯಾರೂ ಇಲ್ಲ" ಅನ್ನುತ್ತಿದ್ದರು...

ಎಪ್ಪತ್ತರ ದಶಕದ ನಡುವಿನ ಮಾತು. ಮದುವೆಯಾಗಿ ವರ್ಷ ತುಂಬುವ ಮೊದಲೇ ನಮ್ಮವರಿಗೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸವಾಗಿ, ಅರಸೀಕೆರೆಯಿಂದ ಎರಡು ಟ್ರಂಕು, ಒಂದು ಹಾಸಿಗೆ ಸುತ್ತಿಕೊಂಡು ಬಂದೆವು. ಮನೆ ಸಿಕ್ಕಿದ್ದು ಜಯನಗರದ ಅಂಚಿನಲ್ಲಿ, ಯಡಿಯೂರಿಗೆ ತಾಗಿಕೊಂಡಂತೆ. ನಮ್ಮ ರಸ್ತೆಯ ಈ ತುದಿಯಲ್ಲಿ ಮೊಸಾಯಿಕ್ ನೆಲದ ಹೊಸ ಮನೆಗಳು, ಆ ತುದಿಯಲ್ಲಿ ಹಳ್ಳಿಯ ಹೆಂಚಿನ ಮನೆಗಳು, ಸಗಣಿ ಸಾರಿಸಿದ ಅಂಗಳಗಳು. ಬೆಳಿಗ್ಗೆ ಹಾಲಿನ ಬೂತಿನ ಮುಂದೆ ನಿಂತರೆ ಒಂದು ಕಡೆಯಿಂದ ಸ್ಕೂಟರ್ ಸದ್ದು, ಇನ್ನೊಂದು ಕಡೆಯಿಂದ ಎಮ್ಮೆಗಳ ಗಂಟೆ ಸದ್ದು. ಎರಡೂ ಕಡೆಯವರು ಒಬ್ಬರನ್ನೊಬ್ಬರು ದಿನಾ ನೋಡುತ್ತಿದ್ದರು. ಆದರೆ ಒಬ್ಬರ ಮನೆಯೊಳಕ್ಕೆ ಇನ್ನೊಬ್ಬರು ಹೋಗುತ್ತಿದ್ದದ್ದು ಕಡಿಮೆ.

ನಮ್ಮ ಪಕ್ಕದ ಮನೆಯವರೇ ಚಿತ್ರದ ಅಕ್ಕ. ಐವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ, ವಯಸ್ಸಾದ ತಾಯಿಯ ಜೊತೆ ಇದ್ದರು. ಮೂಲ ಮೈಸೂರು. ಅವರ ತಂದೆ ಮರದ ಹಲಗೆಯ ಮೇಲೆ ಚಿನ್ನದ ರೇಕು ಕೂರಿಸಿ ದೇವರ ಪಟ ಬರೆಯುತ್ತಿದ್ದವರಂತೆ. ಮಗಳು ಅದನ್ನೇ ಕಲಿತು, ಬೆಂಗಳೂರಿಗೆ ಬಂದ ಮೇಲೆ ಅವೆನ್ಯೂ ರಸ್ತೆಯ ವ್ಯಾಪಾರಿಯೊಬ್ಬರಿಗೆ ಕ್ಯಾಲೆಂಡರಿನ ಮೂಲ ಚಿತ್ರಗಳನ್ನು ಬರೆದುಕೊಡುತ್ತಿದ್ದರು. ಸಾವಿರಾರು ಮನೆಗಳ ಗೋಡೆಗೆ ನೇತುಬಿದ್ದ ಸರಸ್ವತಿ, ಲಕ್ಷ್ಮಿ, ಬಾಲಕೃಷ್ಣರು ನಮ್ಮ ಪಕ್ಕದ ಮನೆಯ ಬೆಳಕಿನ ಕೋಣೆಯಲ್ಲಿ ಹುಟ್ಟಿದವರು ಅಂತ ನನಗೆ ಗೊತ್ತಾದಾಗ ನಂಬುವುದಕ್ಕೇ ಆಗಲಿಲ್ಲ. ದೇವರ ಚಿತ್ರವನ್ನು ಯಾರೋ ಒಬ್ಬರು ಕೂತು ಬರೆಯುತ್ತಾರೆ ಅನ್ನುವ ವಿಚಾರವೇ ಅಲ್ಲಿಯವರೆಗೆ ನನ್ನ ತಲೆಗೆ ಬಂದಿರಲಿಲ್ಲ.

ನಮ್ಮವರು ಕೆಲಸಕ್ಕೆ ಹೋದಮೇಲೆ ನಾನು ಹುರುಳಿಕಾಯಿಯನ್ನೋ ಅಕ್ಕಿಯನ್ನೋ ಮೊರಕ್ಕೆ ಹಾಕಿಕೊಂಡು ಅಕ್ಕನ ಜಗುಲಿಗೆ ಹೋಗಿ ಕೂರುತ್ತಿದ್ದೆ. ಅಜ್ಜಿ, ಅಂದರೆ ಅಕ್ಕನ ತಾಯಿ, ಅಲ್ಲೇ ಗೋಡೆಗೊರಗಿ ಹೂಬತ್ತಿ ಹೊಸೆಯುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು, ನಾಲಿಗೆ ಮಾತ್ರ ಚುರುಕು. "ಇವಳು ದೇವರಿಗೆಲ್ಲ ಬಣ್ಣ ಹಚ್ಚಿದಳು, ದೇವರು ಇವಳಿಗೊಂದು ಅರಿಶಿನ ಹಚ್ಚಿಸಲಿಲ್ಲ ನೋಡು" ಅನ್ನುತ್ತಿದ್ದರು. ಅಕ್ಕ ಒಳಗಿನಿಂದಲೇ, "ಅರಿಶಿನ ಹಚ್ಚಿಸ್ಕೊಂಡಿದ್ರೆ ಬಣ್ಣ ಹಚ್ಚೋಕೆ ಬಿಡ್ತಿದ್ರಾ ಅಮ್ಮ?" ಅಂತ ನಗುತ್ತಿದ್ದರು. ಆ ಮನೆಯಲ್ಲಿ ಕೊರಗು ಅನ್ನುವುದನ್ನು ನಾನು ನೋಡಲಿಲ್ಲ. ಮಧ್ಯಾಹ್ನ ಹೆಂಚಿನ ಸಂದಿನಿಂದ ಬೆಳಕು ಬೀಳುವ ಹಾಗೆ, ಖುಷಿ ತಾನಾಗಿ ಒಂದಿಷ್ಟು ಬೀಳುತ್ತಿತ್ತು.

ಅಕ್ಕನಿಗೆ ಒಂದು ಅಭ್ಯಾಸವಿತ್ತು. ಯಾರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರೂ ಮೊದಲು ನೋಡುತ್ತಿದ್ದದ್ದು ಗೋಡೆಯನ್ನು. ಮಕ್ಕಳು ಓದುವ ಮನೆಯಲ್ಲಿ ಸರಸ್ವತಿ, ಅಂಗಡಿಯವರ ಮನೆಯಲ್ಲಿ ಲಕ್ಷ್ಮಿ, ಹೊಸದಾಗಿ ಮದುವೆಯಾದವರ ಕೋಣೆಯಲ್ಲಿ ಬೆಣ್ಣೆ ತಿನ್ನುವ ಕೃಷ್ಣ. ಒಬ್ಬ ಗುಮಾಸ್ತರ ಮನೆಯಲ್ಲಿ ಮಂಜು ಮುಚ್ಚಿದ ಪರದೇಶದ ಬೆಟ್ಟದ ಚಿತ್ರ ಇತ್ತು. "ಗೋಡೆ ನೋಡಿದ್ರೆ ಆ ಮನೆಯವರು ಯಾರು ಅಂತ ಗೊತ್ತಾಗಲ್ಲ ಕಣೇ. ಏನಾಗ್ಬೇಕು ಅಂತ ಆಸೆ ಇಟ್ಕೊಂಡಿದಾರೆ ಅಂತ ಗೊತ್ತಾಗುತ್ತೆ" ಅಂದಿದ್ದರು ದಾರಿಯಲ್ಲಿ. ಅವರ ತಂದೆಯ ಕಾಲದ ಲಕ್ಷ್ಮಿಯ ಕೈಯಿಂದ ದುಡ್ಡು ಬೀಳುತ್ತಿರಲಿಲ್ಲವಂತೆ. ಅಭಯ ಹಸ್ತ ಅಷ್ಟೇ. ನಾಣ್ಯ ಸುರಿಸಿ ಅಂತ ಶುರುಮಾಡಿದವರು ವ್ಯಾಪಾರಿಗಳು. ವರ್ಷ ವರ್ಷವೂ ಒಂದೊಂದು ಹೊಸ ಹಾರ, ಕೆನ್ನೆಗೆ ಇನ್ನಷ್ಟು ಗುಲಾಬಿ, ಮೈಗೆ ಇನ್ನಷ್ಟು ಬಿಳುಪು. ಅಕ್ಕ ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಡುತ್ತಿದ್ದರು. ಅಜ್ಜಿ ಆಗಾಗ ಹತ್ತಿರ ತರಿಸಿಕೊಂಡು, ಪೊರೆಗಣ್ಣನ್ನು ಚಿತ್ರಕ್ಕೆ ತಾಗುವಷ್ಟು ಸಮೀಪಕ್ಕೆ ತಂದು, "ಮತ್ತೆ ಅದೇ ಮುಖ ಬರ್ದಿದೀಯ" ಅಂತ ತಮ್ಮಷ್ಟಕ್ಕೆ ನಗುತ್ತಿದ್ದರು. ಆ ನಗು ಏನು ಅಂತ ಆಗ ನಮಗೆ ತಿಳಿಯಲಿಲ್ಲ.

ಬಿಳುಪಿನ ಮಾತು ಬಂದಾಗಲೆಲ್ಲ ನಾನು ಸುಮ್ಮನಾಗುತ್ತಿದ್ದೆ. ನನ್ನ ಬಣ್ಣ ಕಪ್ಪು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಚಿಕ್ಕಮ್ಮ ಬಳಿದ ಪೌಡರು ಕತ್ತಿನ ಹತ್ತಿರ ಬೆವರಿಗೆ ಗೆರೆಗೆರೆಯಾಗಿ ಇಳಿದಿತ್ತು. "ಬಣ್ಣ ಸ್ವಲ್ಪ ಕಡಿಮೆ, ಮಿಕ್ಕಿದ್ದೆಲ್ಲ ಲಕ್ಷಣ" ಅಂತ ಅತ್ತೆಯವರು ಒಪ್ಪಿಕೊಂಡಿದ್ದರು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೂರುವವಳಲ್ಲ ನಾನು. ಆದರೂ ಇತ್ತು...

ದಿನಾ ಬೆಳಿಗ್ಗೆ ನಮ್ಮ ರಸ್ತೆಗೆ ಸೊಪ್ಪು ಮಾರುವ ಹೆಂಗಸೊಬ್ಬಳು ಬರುತ್ತಿದ್ದಳು. ಸೊಪ್ಪಿನಮ್ಮ ಅಂತಲೇ ಎಲ್ಲರೂ ಕರೆಯುತ್ತಿದ್ದದ್ದು. ಯಡಿಯೂರಿನವಳು. ಎತ್ತರದ ಆಳು, ಎಣ್ಣೆ ಸವರಿದ ಕಲ್ಲಿನಂಥ ಕಪ್ಪು, ಹಣೆ ತುಂಬ ಕುಂಕುಮ, ಮಿನುಗುವ ಮೂಗುಬೊಟ್ಟು. ತಲೆಯ ಮೇಲಿನ ಬುಟ್ಟಿ ಒಬ್ಬಳೇ ಇಳಿಸಲಾಗದಷ್ಟು ಭಾರ. "ಒಂದು ಕೈ ಕೊಡವ್ವ" ಅಂತ ಕರೆದರೆ ನಾವು ಯಾರಾದರೂ ಹೋಗಿ ಹಿಡಿಯಬೇಕು. ಬುಟ್ಟಿ ಇಳಿಯುತ್ತಿದ್ದ ಹಾಗೇ ದಂಟು, ಮೆಂತ್ಯ, ಸಬ್ಬಸಿಗೆಯ ಹಸಿ ಪರಿಮಳ ಇಡೀ ಜಗುಲಿಗೆ. ಅವರ ಹೊಲಗಳೆಲ್ಲ ಬಡಾವಣೆಗೆ ಹೋಗಿ, ಕೆರೆಯ ಕೆಳಗಿನ ಒಂದು ತುಂಡು ಮಾತ್ರ ಉಳಿದಿತ್ತು. "ಅಗೋ, ನಿಮ್ಮ ಅಡ್ಗೆಮನೆ ಐತಲ್ಲ, ಅಲ್ಲೇ ನಮ್ಮ ಹುಣಸೆಮರ ಇದ್ದಿದ್ದು" ಅಂತ ಒಂದು ದಿನ ನನಗೆ ತೋರಿಸಿದ್ದಳು. ದೂರಿನ ದನಿಯಲ್ಲಲ್ಲ. ನೆಂಟರ ಮನೆ ತೋರಿಸುವ ಹಾಗೆ.

ಆ ವರ್ಷ ದೀಪಾವಳಿಗೆ ಮುಂಚೆ ಅಕ್ಕ ಹೊಸ ಲಕ್ಷ್ಮಿಯನ್ನು ಬರೆಯಬೇಕಿತ್ತು. ಕೈ ಓಡುತ್ತಿರಲಿಲ್ಲ. ಕಾಗದದ ಮೇಲೆ ಗೆರೆ ಹಾಕುವುದು, ಅಳಿಸುವುದು, ಎದ್ದು ಹೋಗಿ ಕಾಫಿ ಮಾಡುವುದು. ಒಂದು ಬೆಳಿಗ್ಗೆ ಸೊಪ್ಪಿನಮ್ಮ ಬುಟ್ಟಿ ಇಳಿಸಿ ಹೊಸ್ತಿಲ ಹತ್ತಿರ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು. ಎಳೆ ಬಿಸಿಲು ಓರೆಯಾಗಿ ಅವಳ ಕೆನ್ನೆಗೆ ಬಿದ್ದಿತ್ತು. ಸುತ್ತ ಹಸಿರು ಕಟ್ಟುಗಳು. ಅಕ್ಕ ಕಾಫಿ ಲೋಟ ಹಿಡಿದುಕೊಂಡವರು ಅಲ್ಲೇ ನಿಂತರು.

"ಸೊಪ್ಪಿನಮ್ಮ, ಹಿಂಗೇ ಸ್ವಲ್ಪ ಹೊತ್ತು ಕೂತ್ಕೊತೀಯಾ? ನಿನ್ನ ಬರೀತೀನಿ."

"ನನ್ನಾ? ನಾನೇನು ಸಿನಿಮಾದೋಳಾ ಬುಡವ್ವ" ಅಂತ ಅವಳು ಬಿದ್ದು ಬಿದ್ದು ನಕ್ಕಳು. ಆದರೂ ಕೂತಳು. ಹೀಗೆ ಒಂದಷ್ಟು ದಿನ ಬೆಳಿಗ್ಗೆ, ಮಾರಾಟ ಮುಗಿಸಿ ಬಂದು ಕೂರುವುದು, ಅಕ್ಕ ಬರೆಯುವುದು, ಅಜ್ಜಿಯ ಜೊತೆ ಅವಳ ಮಾತು. ಯಾವ ಸೊಪ್ಪಿಗೆ ಯಾವ ಬೇಳೆ ಅನ್ನುವುದರಿಂದ ಹಿಡಿದು ಸೊಸೆಯಂದಿರವರೆಗೆ. ಒಂದು ದಿನ ಎದ್ದು ಬಂದು ಹಲಗೆ ನೋಡಿದಳು. ಅಲ್ಲಿ ತನ್ನದೇ ಮುಖ, ಅದಕ್ಕೆ ನಾಲ್ಕು ಕೈ, ಕೆಳಗೆ ತಾವರೆ.

ಅವಳ ನಗು ನಿಂತುಹೋಯಿತು. "ಏನವ್ವ ಇದು? ಯಾವ ದ್ಯಾವ್ರು?"

"ಲಕ್ಷ್ಮಿ."

"ಬ್ಯಾಡ ಕಣವ್ವ. ನಾನು ಸೊಪ್ಪು ಮಾರೋಳು. ಅಮ್ಮನೋರ ಜಾಗದಾಗೆ ನನ್ನ ಕೂರ್ಸಿದ್ರೆ ಒಳ್ಳೇದಾಯ್ತದಾ? ಮಕ್ಕಳು ಮರಿ ಇರೋಳು ನಾನು."

ನಿಜವಾಗಿಯೂ ಹೆದರಿದ್ದಳು. ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅಕ್ಕ ಒತ್ತಾಯ ಮಾಡಲಿಲ್ಲ. "ನಿನಗೆ ಬೇಡ ಅಂದ್ರೆ ಇವತ್ತೇ ಅಳಿಸ್ತೀನಿ. ನೀನೇ ಯೋಚನೆ ಮಾಡಿ ಹೇಳು" ಅಂದು ಕುಂಚವನ್ನು ನೀರಿನ ಲೋಟಕ್ಕೆ ಹಾಕಿದರು. ಆಮೇಲೆ ಅವಳು ಬರಲಿಲ್ಲ. ನಮ್ಮ ರಸ್ತೆಗೆ ಸೊಪ್ಪೂ ಬರಲಿಲ್ಲ. ಅಕ್ಕ ಹಲಗೆಗೆ ಒಂದು ಹಳೆಯ ಪಂಚೆ ಮುಚ್ಚಿ ಗೋಡೆಗೆ ತಿರುಗಿಸಿ ಇಟ್ಟರು. ಆ ದಿನಗಳಲ್ಲಿ ಅವರು ಸರಿಯಾಗಿ ಊಟ ಮಾಡಿದ್ದೂ ನನಗೆ ನೆನಪಿಲ್ಲ. ನಾನು ಸಮಾಧಾನ ಹೇಳಲು ಹೋದರೆ, "ಅವಳ ಮುಖ ಕಣೇ ಅದು. ಕೇಳ್ದೆ ದೇವರು ಮಾಡೋಕೆ ನಾನ್ಯಾರು?" ಅಂದರು.

ಮಂಗಳವಾರ ಕಳೆದು ಬುಧವಾರ ಬೆಳಿಗ್ಗೆ, "ಒಂದು ಕೈ ಕೊಡವ್ವ" ಅನ್ನುವ ಕೂಗು ಕೇಳಿತು. ಸೊಪ್ಪಿನಮ್ಮ ಊರ ಮಾರಮ್ಮನ ಗುಡಿಗೆ ಹೋಗಿ ಹೂ ಕೇಳಿ ಬಂದಿದ್ದಳು. ವಿಗ್ರಹದ ಬಲಗಡೆಯಿಂದ ಹೂ ಬಿದ್ದರೆ ಅಮ್ಮನ ಒಪ್ಪಿಗೆ, ಎಡಗಡೆಯಿಂದ ಬಿದ್ದರೆ ಬೇಡ ಅಂತ. "ಬಲಗಡೆ ಕೊಟ್ಟವ್ಳೆ" ಅಂದು ಸೆರಗಿನ ತುದಿ ಬಿಚ್ಚಿ, ಬಾಡಿದ ಕಣಗಿಲೆ ಹೂವೊಂದನ್ನು ಅಕ್ಕನ ಅಂಗೈಯಲ್ಲಿ ಇಟ್ಟಳು. "ಇನ್ನು ಅದು ಅಮ್ಮನೋರ ಇಸ್ಯ. ಬರಿಯವ್ವ."

ಅಕ್ಕ ಆ ಚಿತ್ರವನ್ನು ತಂದೆಯ ಪದ್ಧತಿಯಲ್ಲೇ ಮುಗಿಸಿದರು. ಬಿಳಿ ಪುಡಿ, ಗೋಂದು ಕಲಸಿದ ಮುದ್ದೆಯಿಂದ ಉಬ್ಬು ಕೆಲಸ ಮಾಡಿ, ಅದರ ಮೇಲೆ ಚಿನ್ನದ ರೇಕು. ಆದರೆ ಹಾರಗಳಿಗೆ ಚಿನ್ನ ಹಾಕಲಿಲ್ಲ. ಕತ್ತಿನಲ್ಲಿ ಕರಿಮಣಿ ಮಾತ್ರ. ಚಿನ್ನ ಹೋದದ್ದು ಮೂಗುಬೊಟ್ಟಿಗೆ, ಮತ್ತೆ ಒಂದು ಕೈಯಲ್ಲಿ ಹಿಡಿದ ರಾಗಿ ತೆನೆಗೆ. ಭತ್ತದ ತೆನೆ ಹಿಡಿದ ಧಾನ್ಯಲಕ್ಷ್ಮಿಯನ್ನು ನಾನು ನೋಡಿದ್ದೆ. ರಾಗಿ ಹಿಡಿದವಳನ್ನು ಅದೇ ಮೊದಲು ನೋಡಿದ್ದು. ನಾಣ್ಯ ಸುರಿಯಬೇಕಾದ ಕೈ ಬರೀ ಅಭಯದ ಕೈ. ಹಿಂದೆ ನಮ್ಮ ಯಡಿಯೂರು ಕೆರೆ, ಏರಿಯ ಮೇಲೆ ಸಾಲು ಮರ.

ನಿಜ ಹೇಳಬೇಕೆಂದರೆ, ಮೊದಲ ಸಲ ನೋಡಿದಾಗ ಕೈ ಮುಗಿಯಬೇಕೆಂದು ನನಗೂ ತಕ್ಷಣ ಅನ್ನಿಸಲಿಲ್ಲ. ಎಷ್ಟು ವರ್ಷದಿಂದ ಒಂದೇ ಬಣ್ಣದ ದೇವರನ್ನು ನೋಡಿದ ಕಣ್ಣು ಅದು! ಮನೆಗೆ ಬಂದು ಕೆಲಸ ಮಾಡುತ್ತ ಮಾಡುತ್ತ, ಕನ್ನಡಿಯ ಮುಂದೆ ಹಾದುಹೋಗುವಾಗ ಸುಮ್ಮನೆ ನಿಂತೆ. ಎಷ್ಟೋ ಹೊತ್ತು ನಿಂತಿದ್ದೆ ಅಂತ ಕಾಣುತ್ತದೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಗಿತ್ತು.

ಅವೆನ್ಯೂ ರಸ್ತೆಯ ವ್ಯಾಪಾರಿ ಚಿತ್ರ ಒಯ್ಯಲು ಬಂದರು. ಕೆಟ್ಟ ಮನುಷ್ಯರಲ್ಲ. ಅಕ್ಕನನ್ನು ತಾಯಿಯಂತೆ ಕಾಣುತ್ತಿದ್ದವರು. ಪಂಚೆ ಸರಿಸಿದಾಗ ಬಹಳ ಹೊತ್ತು ನೋಡಿದರು.

"ಕೆಲಸ ಅದ್ಭುತವಾಗಿದೆ ಅಮ್ಮ. ಆದ್ರೆ ಇದು ಲಕ್ಷ್ಮಿ ಅಲ್ಲ."

"ಯಾಕೆ?"

"ಜನ ಮನೇಲಿ ಹಾಕ್ಕೋಬೇಕಲ್ಲ ಅಮ್ಮ? ಕಪ್ಪು ಲಕ್ಷ್ಮೀನ ಯಾರು ಹಾಕ್ಕೋತಾರೆ? ಮೈಬಣ್ಣ ಒಂಚೂರು ತಿಳಿ ಮಾಡಿ, ಕತ್ತಿಗೆ ಎರಡು ಸರ ಹಾಕಿ, ಆ ರಾಗಿ ತೆಗೆದು ಕಾಸು ಹಾಕಿಬಿಡಿ. ನಿಮಗೆ ಒಂದು ದಿನದ ಕೆಲಸ."

ನಾನು ಅಜ್ಜಿಯ ಪಕ್ಕ ಕೂತು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಆ ಮನೆ ನಡೆಯುತ್ತಿದ್ದದ್ದೇ ಆ ವ್ಯಾಪಾರಿ ಕೊಡುವ ಕೆಲಸದಿಂದ. ಅಕ್ಕ ದನಿ ಏರಿಸಲಿಲ್ಲ. "ನಿಮಗೆ ನಿಮ್ಮ ಲಕ್ಷ್ಮಿ ಬೇರೆ ಬರೆದು ಕೊಡ್ತೀನಿ. ಮುಂದಿನ ವಾರ ಬನ್ನಿ. ಇದನ್ನ ನಾನು ಇನ್ನು ಮುಟ್ಟಲ್ಲ" ಅಂದರು. ಹೇಳಿದ ಹಾಗೇ ಬರೆದೂ ಕೊಟ್ಟರು. ಗುಲಾಬಿ ಕೆನ್ನೆ, ಸುರಿಯುವ ನಾಣ್ಯ, ಯಾವ ಕೊರತೆಯೂ ಇಲ್ಲದ ಹಾಗೆ. ರಾಗಿ ಲಕ್ಷ್ಮಿ ಮಾತ್ರ ಬೆಳಕಿನ ಕೋಣೆಯಲ್ಲೇ ಉಳಿದಳು. ನಮ್ಮ ರಸ್ತೆಯ ಹೆಂಗಸರು ಬಂದು ನೋಡಿ, "ಚಿತ್ರ ಚೆನ್ನಾಗಿದೆ, ಪೂಜೆಗೆ ಅಂದ್ರೆ ಯಾಕೋ..." ಅಂತ ಮಾತು ಅಲ್ಲಿಗೇ ಬಿಟ್ಟು ಹೋದರು.

ಸುದ್ದಿ ಹಳ್ಳಿಗೆ ತಲುಪಿದ್ದು ಸೊಪ್ಪಿನಮ್ಮನಿಂದಲೇ ಇರಬೇಕು. ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಗೇಟಿನ ಮುಂದೆ ಹತ್ತಾರು ಜನ. ಮುಂದೆ ನಿಂತವರು ಯಡಿಯೂರಿನ ಹಿಟ್ಟಿನ ಗಿರಣಿಯ ಗೌಡರು, ಪಕ್ಕದಲ್ಲಿ ಅವರ ಹೆಂಡತಿ. ನಮ್ಮ ರಾಗಿಯೂ ಅವರ ಗಿರಣಿಯಲ್ಲೇ ಹಿಟ್ಟಾಗುತ್ತಿತ್ತು. ಸೊಪ್ಪಿನಮ್ಮ ಎಲ್ಲರಿಗಿಂತ ಹಿಂದೆ, ಗೇಟಿನ ಆಚೆಯೇ ನಿಂತಿದ್ದಳು. "ನೀವೇನೋ ನಮ್ಮ ಕೆರೆ ಬರ್ದಿದೀರಂತೆ, ನೋಡಾನ ಅಂತ ಬಂದ್ವಿ ತಾಯಿ" ಅಂದರು ಗೌಡರು.

ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಬಂದರು. ಅಕ್ಕ ಪಂಚೆ ತೆಗೆದರು. ಒಬ್ಬ ಮುದುಕ ಹತ್ತಿರ ಬಂದು, ಮುಟ್ಟದೆ, ಗಾಳಿಯಲ್ಲೇ ಬೆರಳಿನಿಂದ ಏರಿಯನ್ನು ಗೀರಿ ತೋರಿಸಿದ. "ತೂಬಿನ ಕಲ್ಲೂ ಬರ್ದವ್ರೆ ಕಣ್ಲಾ." ಇನ್ನೊಬ್ಬಳು ರಾಗಿ ತೆನೆ ನೋಡಿ ಕೆನ್ನೆ ಬಡಿದುಕೊಂಡಳು. ಗೌಡರು ಆಗಲೇ ನಿರ್ಧಾರ ಮಾಡಿಬಿಟ್ಟಿದ್ದರು. ವರ್ಷಾ ವರ್ಷಾ ಅವರು ಪೇಟೆಯಿಂದ ಸಿದ್ಧ ಕ್ಯಾಲೆಂಡರ್ ತಂದು, ಕೆಳಗೆ ಗಿರಣಿಯ ಹೆಸರು ಅಚ್ಚು ಹಾಕಿಸಿ ಗಿರಾಕಿಗಳಿಗೆ ಹಂಚುತ್ತಿದ್ದರು. ಈ ವರ್ಷ ತಮಗೆ ಈ ಅಮ್ಮನೇ ಬೇಕು ಅಂದರು.

ಅಷ್ಟರಲ್ಲಿ ಗೌಡರ ಹೆಂಡತಿ ಮುಂದೆ ಬಂದು ಮುಖವನ್ನು ದಿಟ್ಟಿಸಿದರು. "ಅಲ್ಲಾ, ಇದು ಕೆರೆ ಕೆಳಗಲ ಸೊಪ್ಪಿನೋಳ ಮಖ ಅಲ್ವೇನ್ರವ್ವಾ?"

"ಹೌದು" ಅಂದರು ಅಕ್ಕ.

"ಊರೋರೆಲ್ಲಾ ಇವಳಿಗೆ ಕೈ ಮುಗೀಬೇಕಾ ಹಂಗಾದ್ರೆ?"

ಸೊಪ್ಪಿನಮ್ಮ ಗೇಟಿನ ಹತ್ತಿರ ತಲೆ ತಗ್ಗಿಸಿದ್ದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಇನ್ನೇನು ಅವಳು ಹೊರಟುಹೋಗುತ್ತಾಳೆ ಅಂದುಕೊಂಡೆ. ಆಗ ಮಾತಾಡಿದವರು ಅಜ್ಜಿ. ಹೂಬತ್ತಿ ಹೊಸೆಯುವುದನ್ನು ನಿಲ್ಲಿಸದೆ, ಗೋಡೆಗೊರಗಿದಲ್ಲಿಂದಲೇ.

"ಅದಕ್ಕೇನಂತೆ? ಇಷ್ಟು ವರ್ಷ ನೀವೆಲ್ಲ ನನಗೇ ಕೈ ಮುಗಿದಿದ್ದು."

ಎಲ್ಲರೂ ಆ ಕಡೆ ತಿರುಗಿದರು.

"ನಮ್ಮೆಜಮಾನ್ರು ಮೈಸೂರಲ್ಲಿ ಬರೆದ ಲಕ್ಷ್ಮಿ ಇದಾಳಲ್ಲ, ಅದು ನಾನೇ. ಹದಿನಾರು ವರ್ಷದವಳು ಆಗ. ನನ್ನ ಕೂರಿಸ್ಕೊಂಡು ಬರೆದ್ರು. ಇವಳು ಅವರಪ್ಪನ ಚಿತ್ರ ನೋಡ್ಕೊಂಡು ಬರೀತಾ ಬಂದಳು. ಕ್ಯಾಲೆಂಡರ್‌ನೋರು ಇವಳದ್ದು ಅಚ್ಚು ಹಾಕಿದ್ರು. ನಿಮ್ಮ ಗಿರಣಿ ಗೋಡೆ ಮೇಲೂ ಹೋದ ವರ್ಷ ನಾನೇ ಇದ್ದೆ. ಯಾರಿಗೂ ಗೊತ್ತಾಗ್ಲಿಲ್ಲ, ಅಷ್ಟೇ."

ಗೌಡರ ಹೆಂಡತಿಯೇ ಮೊದಲು ನಕ್ಕರು. ಹಲ್ಲಿಲ್ಲದ, ಪೊರೆಗಣ್ಣಿನ, ಸುಕ್ಕು ಮುಖದ ಅಜ್ಜಿಯನ್ನು ನೋಡುವುದು, ನಗುವುದು. ಕೊನೆಗೆ ಅಜ್ಜಿಯ ಕಾಲಿಗೇ ಬಿದ್ದರು. ಗೌಡರು ಚಿತ್ರದ ಕಡೆಯೇ ನೋಡುತ್ತ, "ಮಖ ಯಾರದಾದ್ರೇನಮ್ಮಿ, ಕೈಲಿ ನಮ್ಮ ರಾಗಿ ಐತೆ" ಅಂದರು. ಯಾರೋ ಹೋಗಿ ಸೊಪ್ಪಿನಮ್ಮನನ್ನು ಒಳಗೆ ಕರೆತಂದರು. ನಾನು ಎಲ್ಲರಿಗೂ ಕಾಫಿ ಮಾಡಿದೆ. ಲೋಟ ಸಾಲದೆ ನಮ್ಮ ಮನೆಯವನ್ನೂ ತಂದೆ.

ಅವರೆಲ್ಲ ಹೋದಮೇಲೆ ಅಕ್ಕ ಟ್ರಂಕಿನ ತಳದಿಂದ ತಂದೆ ಬರೆದ ಒಂದು ಹಳೆಯ ಪಟ ತೆಗೆದು ತಂದು, ತಾಯಿಯ ಮುಂದೆ ಮಂಡಿಯೂರಿ ಕೂತರು. ಒಮ್ಮೆ ಪಟವನ್ನು, ಒಮ್ಮೆ ತಾಯಿಯನ್ನು ನೋಡಿದರು.

"ಅಮ್ಮ, ಇದು ನೀನಾ?"

"ಮೂಗು ನೋಡು. ಮೂಗು ಎಲ್ಲಿ ಹೋಗುತ್ತೆ?"

"ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲವಲ್ಲ?"

"ಹೇಳ್ಕೊಂಡು ತಿರುಗೋ ವಿಷಯಾನಾ ಅದು? ನಾಚಿಕೆ ಆಗ್ತಿತ್ತು ನನಗೆ" ಅಂದರು ಅಜ್ಜಿ. ಆ ವಯಸ್ಸಿನಲ್ಲೂ ನಿಜವಾಗಿ ನಾಚಿದರು. ಅಕ್ಕ ತಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಲೋಟಗಳನ್ನು ಎತ್ತಿಕೊಂಡು ಸದ್ದಿಲ್ಲದೆ ಮನೆಗೆ ಬಂದೆ.

ಗಿರಣಿಯ ಕ್ಯಾಲೆಂಡರ್ ಬಂತು. ಅಚ್ಚಿನಲ್ಲಿ ಕೆರೆ ಸ್ವಲ್ಪ ಹೆಚ್ಚೇ ಹಸಿರಾಗಿತ್ತು, ಚಿನ್ನ ಅರಿಶಿನದ ಬಣ್ಣಕ್ಕೆ ಇಳಿದಿತ್ತು. ಆದರೆ ಮುಖ ಮುಖವಾಗಿಯೇ ಇತ್ತು. ಆ ವರ್ಷ ನಮ್ಮ ರಸ್ತೆಯ ಈ ತುದಿಯ ಮನೆಗಳಲ್ಲಿ ಗುಲಾಬಿ ಲಕ್ಷ್ಮಿ, ಆ ತುದಿಯ ಮನೆಗಳಲ್ಲಿ ರಾಗಿ ಲಕ್ಷ್ಮಿ. ಇಬ್ಬರೂ ಒಂದೇ ಕೈಯಿಂದ ಬಂದವರು. ಗಿರಣಿಯ ಗೋಡೆಯ ಮೇಲೆ ಹಿಟ್ಟಿನ ಧೂಳು ಮೆತ್ತಿಕೊಂಡು, ದನದ ಕೊಟ್ಟಿಗೆಯ ಕಂಬದ ಮೇಲೆ, ಸೈಕಲ್ ಷಾಪಿನಲ್ಲಿ, ಬನಶಂಕರಿ ಕಡೆಯ ಒಂದು ಟೀ ಅಂಗಡಿಯಲ್ಲಿ ಅವಳನ್ನು ನಾನು ಕಂಡೆ. ತಾರೀಕಿನ ಹಾಳೆಗಳು ಹರಿದುಹೋದ ಮೇಲೂ ಎಷ್ಟೋ ವರ್ಷ ಜನ ತೆಗೆಯಲಿಲ್ಲ. ಅಕ್ಕನ ಮುಖದಲ್ಲಿ ಆಗಿನ ತೃಪ್ತಿ ನನಗಿನ್ನೂ ಕಣ್ಣಿಗೆ ಕಟ್ಟಿದೆ. "ಏನಾಗ್ಬೇಕು ಅನ್ನೋದನ್ನ ಗೋಡೆಗೆ ಹಾಕ್ಕೊಳೋರನ್ನ ಬೇಕಾದಷ್ಟು ನೋಡಿದೀನಿ. ನಾವು ಹಿಂಗಿದೀವಿ ಅಂತ ಹಾಕ್ಕೊಂಡೋರು ಇವರೇ ಕಣೇ" ಅಂದರು ಒಂದು ದಿನ, ಕುಂಚ ತೊಳೆಯುತ್ತಾ.

ನಾನೂ ಒಂದನ್ನು ಅಡುಗೆಮನೆಯಲ್ಲಿ ಹಾಕಿದ್ದೆ. ಅತ್ತೆಯವರು ಗೌರಿ ಹಬ್ಬಕ್ಕೆ ಬಂದಾಗ, "ಇದ್ಯಾವ ದೇವರೇ?" ಅಂದರು. ಲಕ್ಷ್ಮಿ ಅಂದೆ. ಚಿತ್ರವನ್ನೂ ನನ್ನನ್ನೂ ಒಂದೆರಡು ಸಲ ನೋಡಿದರು. ಏನು ಹೇಳುತ್ತಾರೋ ಅಂತ ನಾನು ಸಾರಿನ ಪಾತ್ರೆಯ ಕಡೆ ತಿರುಗಿಕೊಂಡೆ. "ನಮ್ಮ ಕಡೆಯೋಳ ಥರ ಇದಾಳೆ" ಅಂದು, ಚಿತ್ರದ ಹಣೆಗೆ ಕುಂಕುಮ ಇಟ್ಟು ಹೋದರು. ಅದಾದ ಮೇಲೆ ಅವರ ಬಾಯಿಂದ ಬಣ್ಣದ ಮಾತು ಬಂದ ನೆನಪಿಲ್ಲ.

ಮೂಲ ಚಿತ್ರ ಅಚ್ಚಿನ ಮನೆಯಿಂದ ವಾಪಸ್ ಬಂದಾಗ ಅಕ್ಕ ಅದನ್ನು ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ, ನನ್ನನ್ನು ಜೊತೆಗೆ ಕರೆದುಕೊಂಡು, ಸೊಪ್ಪಿನಮ್ಮನ ಮನೆಗೆ ಹೋಗಿ ಕೊಟ್ಟರು. ನೀವೇ ಇಟ್ಟುಕೊಳ್ಳಬಾರದೇ ಅಂತ ನಾನು ಕೇಳಿದ್ದಕ್ಕೆ, "ಅವಳ ಮುಖ, ಅವಳ ಮನೇಲಿರ್ಲಿ" ಅಂದರು. ರಾಗಿ ಗುಡಾಣದ ಮೇಲಿನ ಗೋಡೆಗೆ ಅದನ್ನು ತೂಗುಹಾಕಿ, ಸೊಪ್ಪಿನಮ್ಮ ತನ್ನದೇ ಮುಖಕ್ಕೆ ದೀಪ ಹಚ್ಚಿದಳು. ಈಗ ಅವಳಲ್ಲಿ ಹೆದರಿಕೆ ಇರಲಿಲ್ಲ. ಅದು ಅವಳ ಪಾಲಿಗೆ ಅಮ್ಮನೇ ಆಗಿಬಿಟ್ಟಿತ್ತು.

ಎಂಬತ್ತರ ದಶಕ ಬಂದ ಮೇಲೆ ಎಲ್ಲ ಬೇಗ ಬೇಗ ಬದಲಾಯಿತು. ಕೆರೆ ಕೆಳಗಿನ ತೋಟಗಳು ಸೈಟುಗಳಾದವು, ಸೊಪ್ಪಿನ ಬುಟ್ಟಿ ಬರುವುದು ನಿಂತಿತು. ನಾವು ಜೆ.ಪಿ. ನಗರದಲ್ಲಿ ಸಣ್ಣದೊಂದು ಮನೆ ಕಟ್ಟಿಕೊಂಡು ಹೋದೆವು. ಅಜ್ಜಿ ತೀರಿಕೊಂಡರು. ಕ್ಯಾಲೆಂಡರುಗಳಲ್ಲಿ ಫೋಟೋಗಳು ಬಂದವು, ಮಗುವಿನ ನಗು, ಸಿನಿಮಾ ತಾರೆಯರು. ಬರೆಯುವವರನ್ನು ಕೇಳುವವರು ಕಡಿಮೆಯಾದರು. ಅಕ್ಕ ಮೈಸೂರಿಗೆ, ತಮ್ಮನ ಮನೆಗೆ ಹೊರಟುಹೋದರು. ಒಮ್ಮೆ ಹೋಗಿ ನೋಡಿದ್ದೆ. ಜಗುಲಿ ತುಂಬ ಕೇರಿಯ ಮಕ್ಕಳು, ಕೈಯಲ್ಲಿ ಬಣ್ಣದ ಪೆನ್ಸಿಲ್ಲು. "ದೇವರು ಬರೆಯೋದು ಹೇಳಿಕೊಡಿ ಅಂತಾರೆ ಕಣೇ. ಮೊದಲು ಎಲ್ಲರೂ ಹೋಗಿ ನಿಮ್ಮಮ್ಮನ್ನ ಬರ್ಕೊಂಡು ಬನ್ನಿ ಅಂತೀನಿ" ಅಂದು ನಕ್ಕರು. ಅದೇ ಕೊನೆಯ ಭೇಟಿ. ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ಎಲ್ಲ ಮುಗಿದು ಬಹಳ ದಿನವಾಗಿತ್ತು...

ಇಷ್ಟೆಲ್ಲ ನೆನಪಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲು ಆಗಲಿಲ್ಲ. ಆ ವಾರವೇ ಆಟೋ ಹಿಡಿದು ಯಡಿಯೂರಿಗೆ ಹೋದೆ. ಹೆಂಚಿನ ಮನೆಯಿದ್ದ ಜಾಗದಲ್ಲಿ ಬಾಡಿಗೆಗೆ ಕೊಡುವ ಎತ್ತರದ ಕಟ್ಟಡ. ಕೆಳಗಿನ ಮನೆಯಲ್ಲಿ ಸೊಪ್ಪಿನಮ್ಮನ ಮಗನೇ ಸಿಕ್ಕಿದ. ಅವನಿಗೂ ತಲೆ ಬೆಳ್ಳಗಾಗಿದೆ. ಗುರುತು ಹೇಳಿದ ಮೇಲೆ ಕೂರಿಸಿ, ಹೆಂಡತಿಗೆ ಕಾಫಿ ಮಾಡಲು ಹೇಳಿದ. ತಾಯಿ ಹೋಗಿ ಎಷ್ಟೋ ವರ್ಷವಾಯಿತು ಅಂದ. ನಾನು ಚಿತ್ರ ಎಲ್ಲಿ ಅಂತ ಕೇಳಿದೆ.

"ಅದು ಇಲ್ಲ ಆಂಟಿ. ಅಮ್ಮ ಇದ್ದಾಗ್ಲೇ ಹಲಗೆಗೆ ಗೆದ್ದಲು ಹಿಡೀತು. ಮುಖದ ಮೇಲೆ ಬಣ್ಣ ಎದ್ದೋಯ್ತು. ಮುಕ್ಕಾದ ದೇವರನ್ನ ಮನೇಲಿ ಇಟ್ಕೊಬಾರ್ದಲ್ಲ? ಊರೋರೆಲ್ಲ ಸೇರಿ, ಹೂವಿನ ಪಲ್ಲಕ್ಕಿ ಮಾಡಿ, ತಮಟೆ ಬಡಿಸ್ಕೊಂಡು ಹೋಗಿ ಕೆರೇಲಿ ಬಿಟ್ವಿ. ಅಮ್ಮನೇ ಮಂಡಿವರೆಗೂ ನೀರಿಗಿಳಿದು ಬಿಟ್ಟಿದ್ದು."

ಅಂಥ ಚಿತ್ರ! ಯಾರಾದರೂ ರಿಪೇರಿ ಮಾಡುತ್ತಿದ್ದರು, ಯಾವುದಾದರೂ ದೊಡ್ಡ ಜಾಗದಲ್ಲಿ ಗಾಜು ಹಾಕಿಸಿ ಇಡುತ್ತಿದ್ದರು ಅಂತ ಬಾಯಿಯವರೆಗೂ ಬಂತು. ಅಷ್ಟರಲ್ಲಿ ಅವನು, "ಅವತ್ತು ಮನೆಮನೇಲೂ ಎಡೆ ಇಟ್ಟಿದ್ರು ಆಂಟಿ. ಅಮ್ಮ ಅತ್ತಿದ್ದೂ ಅತ್ತಿದ್ದೇ, ನಕ್ಕಿದ್ದೂ ನಕ್ಕಿದ್ದೇ" ಅಂದ. ನಾನು ಬಾಯಿ ಮುಚ್ಚಿಕೊಂಡು ಕಾಫಿ ಕುಡಿದೆ.

ಬರುವಾಗ ಕೆರೆಯ ಕಡೆ ನಡೆದೆ. ಈಗ ಸುತ್ತ ಕಬ್ಬಿಣದ ಬೇಲಿ, ಓಡಾಡುವವರಿಗೆ ಹಾಸುಗಲ್ಲಿನ ದಾರಿ. ಒಂದು ಬೆಂಚಿನ ಮೇಲೆ ಕೂತೆ. ಊರಿಗೆ ಊರೇ ತಮಟೆ ಬಡಿದುಕೊಂಡು ಬಂದು ತಾವು ಬರೆದ ಚಿತ್ರವನ್ನು ದೇವರೆಂದೇ ನೀರಿಗೆ ಬಿಟ್ಟರು ಅಂತ ತಿಳಿದಿದ್ದರೆ ಅಕ್ಕ ಏನು ಅನ್ನುತ್ತಿದ್ದರು ಅಂತ ಯೋಚಿಸಿದೆ. ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಅದು ಖಂಡಿತ. ಮೊದಲು ಅಜ್ಜಿಗೆ ಹೇಳುತ್ತಿದ್ದರು. ಆಮೇಲೆ ಕಾಂಪೌಂಡಿನ ಹತ್ತಿರ ಬಂದು ನನ್ನನ್ನು ಕೂಗಿ ಕರೆಯುತ್ತಿದ್ದರು. ಎಷ್ಟು ಸಂತೋಷಪಡುತ್ತಿದ್ದರೋ! ಇಂಥ ಸುದ್ದಿಯೊಂದು ನನ್ನ ಕೈಯಲ್ಲಿದೆ. ಹೇಳೋಣವೆಂದರೆ ಅವರಿಲ್ಲ.